ಆರ್ಡಿತ್ ಕೀಲ್ ಮತ್ತು ಐದು ಮನೆಯ ಪ್ರೆಸ್ಸು

ಆರ್ಡಿತ್ ಕೀಲ್ ತನ್ನ ಜನ್ಮದಲ್ಲಿ ಪಿಸ್ತೂಲು ಹಾರಿಸಿದವಳಲ್ಲ. ಹಾರಿಸುವುದು ಅವಳ ಗಂಡ ಡ್ವೇನನ ಕೆಲಸ. ಆದರೆ ಇಪ್ಪತ್ತಾರು ವರ್ಷಗಳಿಂದ ಪ್ರತಿ ಶನಿವಾರ ನಮ್ಮೂರ ಕ್ಲಬ್ಬಿನಲ್ಲಿ ಅವನು ಉಕ್ಕಿನ ಗುರಿಗಳಿಗೆ ಹೊಡೆದ ತೋಟಾಗಳಲ್ಲಿ ಒಂದನ್ನೂ ಅವನು ತುಂಬಿದ್ದಲ್ಲ. ಎಲ್ಲವನ್ನೂ ತುಂಬಿದವಳು ಆರ್ಡಿತ್. ವಾರಕ್ಕೆ ಎರಡು ಮಧ್ಯಾಹ್ನ, ಗ್ಯಾರೇಜಿನ ಮೂಲೆಯಲ್ಲಿ, ಬೆನ್ನಿಗೆ ದಿಂಬು ಕೊಟ್ಟ ಒಂದು ಎತ್ತರದ ಸ್ಟೂಲಿನ ಮೇಲೆ ಕೂತು.

ಕ್ಲಬ್ಬಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಡ್ವೇನ್ ಸುಳ್ಳು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನೆಬ್ರಾಸ್ಕಾದ ಈ ಪಶ್ಚಿಮದ ಅಂಚಿನಲ್ಲಿ ಒಬ್ಬರ ಟ್ರಕ್ಕನ್ನು ಇನ್ನೊಬ್ಬರು ಓಡಿಸುತ್ತಾರೆ, ಒಬ್ಬರ ನಾಯಿಯನ್ನು ಇನ್ನೊಬ್ಬರು ಬೇಟೆಗೆ ಕರೆದೊಯ್ಯುತ್ತಾರೆ. ಆದರೆ ಇನ್ನೊಬ್ಬರು ಮನೆಯಲ್ಲಿ ತುಂಬಿದ ತೋಟಾವನ್ನು ಯಾರೂ ತಮ್ಮ ಪಿಸ್ತೂಲಿಗೆ ಹಾಕುವುದಿಲ್ಲ. ಮದ್ದಿನ ಅಳತೆ ತಪ್ಪಿದರೆ ಹರಿಯುವುದು ಹಾರಿಸಿದವನ ಕೈ, ತುಂಬಿದವನದ್ದಲ್ಲ. ಆದ್ದರಿಂದ ಹಾರಿಸುವವನೇ ತುಂಬಿಕೊಂಡಿರುತ್ತಾನೆ ಎಂದು ಎಲ್ಲರೂ ತಿಳಿಯುತ್ತಾರೆ. ಹೆಂಡತಿಯ ವಿಷಯದಲ್ಲಿ ಆ ನಿಯಮ ಏನು ಹೇಳುತ್ತದೆಂದು ಯಾರೂ ಯೋಚಿಸಿದಂತಿರಲಿಲ್ಲ.

ಡ್ವೇನ್ ಮೊದಮೊದಲು ತಾನೇ ತುಂಬಲು ಪ್ರಯತ್ನಿಸಿದ್ದನಂತೆ. ರೈಲ್ವೆ ಕೆಲಸದಿಂದ ಬಂದವನು ಬೂಟು ಕೂಡ ಬಿಚ್ಚದೆ ತೋಟಾ ತುಂಬುವ ಪ್ರೆಸ್ಸಿನ ಮುಂದೆ ಕೂರುತ್ತಿದ್ದ. ಹಿಡಿಕೆ ಸಿಕ್ಕಿಕೊಂಡರೆ ಜಗ್ಗುತ್ತಿದ್ದ. ಆರ್ಡಿತ್ ಆಗ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದಳು. ಬೀಟ್ ಗೆಡ್ಡೆಯ ತುರಿಯನ್ನು ತೂಗಿ, ಸೋಸಿ, ಸಕ್ಕರೆಯ ಅಂಶ ಬರೆದಿಡುವ ಕೆಲಸ. ರೈತನಿಗೆ ಎಷ್ಟು ಸಿಗಬೇಕೆಂಬುದು ಅವಳ ತಕ್ಕಡಿಯ ಮೇಲೆ ನಿಂತಿರುತ್ತಿತ್ತು. ಇಪ್ಪತ್ತೆರಡು ಹಂಗಾಮು ಆ ಕೆಲಸ ಮಾಡಿದ ಅವಳ ಮೇಲೆ ಒಂದು ದೂರೂ ಬಂದಿರಲಿಲ್ಲ. ಒಂದು ಭಾನುವಾರ ಗ್ಯಾರೇಜಿನ ಬಾಗಿಲಲ್ಲಿ ನಿಂತು ಗಂಡನ ಕೆಲಸವನ್ನು ಹತ್ತು ನಿಮಿಷ ನೋಡಿದಳು. "ಏಳು ಮೇಲೆ," ಎಂದಳು. ಅವನು ಎದ್ದ. ಆಮೇಲೆ ಮತ್ತೆ ಆ ಸ್ಟೂಲಿನ ಮೇಲೆ ಕೂರಲಿಲ್ಲ.

ಆ ಪ್ರೆಸ್ಸಿನ ನಡುವೆ ಅಂಗೈಯಗಲದ ಒಂದು ಉಕ್ಕಿನ ತಟ್ಟೆ ಇದೆ, ಅದರ ಅಂಚಿನಲ್ಲಿ ಐದು ಮನೆ. ಖಾಲಿ ಹಿತ್ತಾಳೆ ಚಿಪ್ಪನ್ನು ಒಂದನೇ ಮನೆಯಲ್ಲಿಟ್ಟು ಹಿಡಿಕೆ ಎಳೆದು ಬಿಟ್ಟರೆ ತಟ್ಟೆ ಒಂದು ಮನೆಯಷ್ಟು ಸುತ್ತುತ್ತದೆ. ಒಂದನೆಯದರಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರುತ್ತದೆ. ಎರಡನೆಯದರಲ್ಲಿ ಮದ್ದು ಬೀಳುತ್ತದೆ. ಮೂರನೆಯದರಲ್ಲಿ ಮದ್ದು ಬಿದ್ದಿದೆಯೇ ಎಂದು ನೋಡಿ ಗುಂಡನ್ನು ಕೈಯಿಂದ ಚಿಪ್ಪಿನ ಬಾಯಿಯ ಮೇಲಿಡಬೇಕು. ನಾಲ್ಕರಲ್ಲಿ ಗುಂಡು ಒಳಗಿಳಿಯುತ್ತದೆ, ಐದರಲ್ಲಿ ಬಾಯಿ ಬಿಗಿಯಾಗುತ್ತದೆ. ಐದು ಮನೆಯಲ್ಲೂ ಒಟ್ಟಿಗೆ ಕೆಲಸ ನಡೆಯುವುದರಿಂದ ಒಂದೊಂದು ಎಳೆತಕ್ಕೆ ಒಂದೊಂದು ತೋಟಾ ಕೆಳಗಿನ ಡಬ್ಬಿಗೆ ಬೀಳುತ್ತದೆ. ಸರಿಯಾಗಿ ಹೊಂದಿಸಿದ ಪ್ರೆಸ್ಸು ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ಡ್ವೇನ್ ಅದನ್ನು ಹಾಗೇ ನಡೆಯಲು ಬಿಟ್ಟಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ತುಂಬುವುದು ಬೇಡವಾಗಿದ್ದರೂ ಪ್ರೆಸ್ಸನ್ನು ಸುಧಾರಿಸುವುದು ಅವನಿಗೆ ಬೇಕಾಗಿತ್ತು. ನಿವೃತ್ತನಾದ ಮೇಲೆ ಅದು ಹೆಚ್ಚಾಯಿತು. ಪ್ರೆಸ್ಸು ಮಾಡಿದವರು ಬಿಟ್ಟ ಕೊರತೆಗಳನ್ನೆಲ್ಲ ತುಂಬಿಕೊಡುತ್ತೇವೆಂದು ಬಿಡಿಭಾಗ ಮಾರುವವರು ನೂರಾರು ಮಂದಿ ಇದ್ದಾರೆ, ತಮ್ಮ ತಮ್ಮ ಶೆಡ್ಡುಗಳಲ್ಲಿ ಅಲ್ಯೂಮಿನಿಯಮ್ ಕಡೆದು ಟಪಾಲಿನಲ್ಲಿ ಕಳಿಸುವವರು. ಡ್ವೇನ್ ಅವರೆಲ್ಲರ ಗಿರಾಕಿ. ಆರ್ಡಿತ್‌ಳ ಹುಟ್ಟುಹಬ್ಬ, ಮದುವೆಯ ದಿನ, ಕ್ರಿಸ್‌ಮಸ್ ಎಲ್ಲಕ್ಕೂ ಒಂದೊಂದು ಪೆಟ್ಟಿಗೆ ಬರುತ್ತಿತ್ತು.

"ಈ ಸಲ ಏನ್ ತಂದಿದೀನಿ ಹೇಳು ನೋಡಣ?"

"ಪೆಟ್ಟಿಗೆ ಚಿಕ್ಕದು, ತೂಕ ಜಾಸ್ತಿ. ಬಂಗಾರ ಅಲ್ಲ ಅಂತ ಗೊತ್ತಾಯ್ತು ಬಿಡು."

"ಬಂಗಾರ ತಗೊಂಡು ಏನ್ಮಾಡ್ತೀಯೇ? ಇದು ನೋಡು, ಹಿಡಿಕೆಗೆ ತಿರುಗೋ ಹಿಡಿ. ನಿನ್ನ ಮಣಿಕಟ್ಟಿಗೆ ಆರಾಮ."

"ನನ್ನ ಮಣಿಕಟ್ಟಿಗೆ ಆರಾಮ ಬೇಕಂದ್ರೆ ನೀನು ಕಮ್ಮಿ ಹಾರಿಸು."

ತಿರುಗುವ ಹಿಡಿ ಒಳ್ಳೆಯದೇ ಆಯಿತು, ಅವಳು ಅದನ್ನು ಒಪ್ಪಿಕೊಂಡಳು. ತಟ್ಟೆಯ ಮೇಲೆ ಬೆಳಕು ಬೀಳಿಸುವ ಪುಟ್ಟ ದೀಪವನ್ನೂ ಒಪ್ಪಿಕೊಂಡಳು. ಹಳೆ ಕೇಪುಗಳು ನೆಲಕ್ಕೆ ಚೆಲ್ಲದಂತೆ ಹಿಡಿಯುವ ಕೊಳವೆಯನ್ನು ಎರಡು ವಾರ ಇಟ್ಟುಕೊಂಡು ತೆಗೆದು ಕಾಫಿ ಡಬ್ಬಿಗೆ ಹಾಕಿದಳು. ಪ್ರತಿಯೊಂದು ಹೊಸ ಭಾಗ ಬಂದಾಗಲೂ ಹಳೆಯ ಎಲ್ಲ ಭಾಗಗಳನ್ನು ಮತ್ತೆ ಹೊಂದಿಸಬೇಕಿತ್ತು. ತಟ್ಟೆ ಕೂದಲೆಳೆಯಷ್ಟು ಮೇಲೆ ಬಂದರೆ ಕೇಪು ಆಳಕ್ಕೆ ಕೂರುವುದಿಲ್ಲ, ಕೇಪಿನ ಕಡ್ಡಿಯನ್ನು ಎತ್ತರಿಸಿದರೆ ಗುಂಡಿನ ಆಳ ಬದಲಾಗುತ್ತದೆ. ಡ್ವೇನ್ ಒಂದು ಗಂಟೆಯಲ್ಲಿ ಜೋಡಿಸಿ ಹೋಗುತ್ತಿದ್ದ. ಆರ್ಡಿತ್ ಎರಡು ಮಧ್ಯಾಹ್ನ ಸ್ಕ್ರೂ ತಿರುಗಿಸುತ್ತ ಕೂರುತ್ತಿದ್ದಳು. ಈ ವಿಷಯವಾಗಿ ಅವಳು ಗಂಡನಿಗೆ ವಿಧಿಸಿದ ಷರತ್ತು ಒಂದೇ: ಪ್ರೆಸ್ಸಿಗೆ ಕೈ ಹಾಕುವ ಮೊದಲು ತಟ್ಟೆಯ ಮೇಲಿರುವುದನ್ನೆಲ್ಲ ತೆಗೆದು ಸುರಿದುಬಿಡಬೇಕು; ಅರ್ಧ ತುಂಬಿದ ಚಿಪ್ಪುಗಳನ್ನು ಉಳಿಸಬಾರದು.

ಅವಳು ನಿಜವಾಗಿ ಬೇಡವೆಂದದ್ದು ಗುಂಡನ್ನು ತಾನಾಗಿಯೇ ಇಡುವ ಕೊಳವೆಯನ್ನು. ಹೋದ ಕ್ರಿಸ್‌ಮಸ್ಸಿನಲ್ಲಿ ಬಂದದ್ದು ಅದು. ಮೂರನೇ ಮನೆಯಲ್ಲಿ ಅದುವರೆಗೆ ಮದ್ದಿನ ಮಟ್ಟ ನೋಡುವ ಒಂದು ಗಂಟೆ ಇತ್ತು. ಮದ್ದು ಕಡಿಮೆಯಾದರೂ ಹೆಚ್ಚಾದರೂ ಕಿರುಚುತ್ತಿತ್ತು. ಹೊಸ ಕೊಳವೆಗೂ ಅದೇ ಮನೆ ಬೇಕು. ಮನೆ ಇರುವುದು ಐದೇ.

"ಗಂಟೆ ತೆಗೆದ್ರೆ ನನಗೆ ಹೇಗೆ ಗೊತ್ತಾಗ್ಬೇಕು?" ಎಂದು ಆರ್ಡಿತ್ ಕೇಳಿದಳು.

"ನಿನ್ನ ಕಣ್ಣಿಲ್ವಾ? ಕಾರ್ಖಾನೇಲಿ ಎಲ್ಲಾ ಕಣ್ಣಲ್ಲೇ ನೋಡ್ತಿದ್ದೆ ಅಂತೀಯ."

"ಆಗ ನಲವತ್ತು ವರ್ಷ ನನಗೆ."

"ತಾಸಿಗೆ ಸಾವಿರ ತೋಟಾ ಆಗತ್ತೆ ಕಣೇ ಈಗ. ಬೇಗ ಮುಗಿಸಿ ಮಲಗ್ಬಹುದು."

ಮಲಗಬಹುದು ಎಂಬ ಮಾತಿಗೆ ಅವಳು ಸೋತಳು. ಎಡ ಭುಜದ ಒಂದು ಆಪರೇಷನ್ ಆಗಿತ್ತು, ಬಲ ಭುಜಕ್ಕೂ ಬೇಕೆಂದು ಡಾಕ್ಟರು ಹೇಳಿದ್ದರು. ಗಂಟೆ ಕಾಫಿ ಡಬ್ಬಿಗೆ ಹೋಯಿತು. ಎರಡನೇ ಮನೆಯಿಂದ ಮೂರನೆಯದಕ್ಕೆ ಚಿಪ್ಪು ಸರಿಯುವ ಆ ಅರೆಕ್ಷಣದಲ್ಲಿ ಒಳಗೆ ಕಾಣುವಂತೆ ಅವಳು ದಂತವೈದ್ಯರು ಬಳಸುವಂಥ ಒಂದು ಪುಟ್ಟ ಕನ್ನಡಿಯನ್ನು ತಂತಿ ಕಟ್ಟಿ ನಿಲ್ಲಿಸಿಕೊಂಡಳು. ಪ್ರತಿ ಎಳೆತಕ್ಕೂ ಒಂದು ನೋಟ. ಆರು ತಿಂಗಳು ಹಾಗೆ ನಡೆಯಿತು.

ಜುಲೈ ತಿಂಗಳ ಎರಡನೇ ಶನಿವಾರ ಕ್ಲಬ್ಬಿನಲ್ಲಿ ನಾನು ಅಂಕ ಬರೆಯುತ್ತಿದ್ದೆ. ಡ್ವೇನ್ ನಾಲ್ಕನೇ ಸುತ್ತಿನಲ್ಲಿದ್ದ. ಮೂರು ಗುರಿ ಬಿದ್ದವು. ನಾಲ್ಕನೆಯದಕ್ಕೆ ಒತ್ತಿದಾಗ ಢಂ ಎನ್ನುವ ಬದಲು ಟುಸ್ಸೆಂದಿತು. ಮದ್ದಿಲ್ಲದ ತೋಟಾದಲ್ಲಿ ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ನಡುವಿನವರೆಗೆ ತಳ್ಳಿ ಅಲ್ಲೇ ಬಿಡುತ್ತದೆ. ಗಡಿಯಾರದ ಜೊತೆ ಪಂದ್ಯ ಕಟ್ಟಿ ಹಾರಿಸುವವನ ಕೈಗೆ ಅದು ತಿಳಿಯುವುದಿಲ್ಲ. ತೋಟಾ ಸಿಕ್ಕಿಕೊಂಡಿದೆ ಎಂದುಕೊಂಡು ಎಳೆದು ಮತ್ತೊಂದನ್ನು ಏರಿಸಿ ಒತ್ತುತ್ತಾನೆ, ಮುಚ್ಚಿಹೋದ ನಳಿಗೆ ಒಡೆಯುತ್ತದೆ. ಡ್ವೇನ್ ಎಳೆದು ಏರಿಸಿದ್ದ.

"ನಿಲ್ಸು! ಬೆರಳು ತೆಗಿ!" ಪಕ್ಕದಲ್ಲಿದ್ದ ಮರ್ಲ್ ಸ್ಟಾಬ್ ಕೂಗಿದ. ಮರ್ಲ್ ಆ ದಿನದ ಮೇಲ್ವಿಚಾರಕ, ಗೋದಿ ತುಂಬಿಡುವ ಎತ್ತರದ ಕಣಜದಲ್ಲಿ ಕೆಲಸ ಮಾಡುವ ಭಾರೀ ಮೈಯ ಮನುಷ್ಯ. ಕೂಗಿದ್ದಷ್ಟೇ ಅಲ್ಲ, ಡ್ವೇನನ ಮುಂಗೈಯನ್ನು ಗಟ್ಟಿಯಾಗಿ ಹಿಡಿದ. ಪಿಸ್ತೂಲನ್ನು ಬಿಚ್ಚಿ ನಳಿಗೆಯೊಳಗೆ ಕಡ್ಡಿ ಹಾಕಿ ನೋಡಿದ. ಅರ್ಧದಲ್ಲಿ ನಿಂತಿತು.

"ಇನ್ನೊಂದು ಒತ್ತಿದ್ರೆ ಇವತ್ತು ನಿನ್ನ ಬೆರಳನ್ನ ಹುಲ್ಲಲ್ಲಿ ಹುಡುಕ್ಬೇಕಾಗಿತ್ತಲ್ಲೋ ಮುದುಕ," ಎಂದ ಮರ್ಲ್. "ಯಾವಾಗ ತುಂಬಿದ್ದು ಇದು? ಕುಡ್ಕೊಂಡು ತುಂಬಿದ್ಯಾ?"

ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು. ಡ್ವೇನ್ ಅವರನ್ನೆಲ್ಲ ಒಮ್ಮೆ ನೋಡಿದ.

"ನಾನಲ್ಲ," ಎಂದ. "ನನ್ನ ಹೆಂಡ್ತಿ ತುಂಬೋದು."

ಇಪ್ಪತ್ತಾರು ವರ್ಷದಲ್ಲಿ ಆರ್ಡಿತ್‌ಳ ಪ್ರಸ್ತಾಪ ಆ ಮೈದಾನದಲ್ಲಿ ಬಂದದ್ದು ಅದೇ ಮೊದಲು. ಯಾರೋ ಸಿಳ್ಳೆ ಹಾಕಿದರು. ಇನ್ಯಾರೋ, "ಅದಕ್ಕೇ ಮತ್ತೆ," ಎಂದರು. ಸಂಜೆಯೊಳಗೆ ಮಾತು ಊರಿಗೆ ಬಂತು. ಮರುದಿನ ಚರ್ಚಿನಲ್ಲಿ ಆರ್ಡಿತ್‌ಗೆ ಮೂವರು ಹೆಂಗಸರು, ವಯಸ್ಸಾದ ಮೇಲೆ ಗಮನ ತಪ್ಪುವುದು ಸಹಜವೆಂದು ಸಮಾಧಾನ ಹೇಳಿದರು.

ಸೋಮವಾರ ಅವಳು ನನಗೆ ಫೋನು ಮಾಡಿದಳು. ನಾನು ಅವರಿಂದ ಎರಡು ಮನೆಯಾಚೆ ಇರುವವಳು. ಇಲ್ಲಿನ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು.

"ಪ್ರೊಫೆಸರ್, ನಿನ್ನ ತಕ್ಕಡಿ ತಗೊಂಡು ಬಾ. ನಾನು ತೂಗಿದ್ರೆ ಇವನು ನಂಬಲ್ಲ."

ಗ್ಯಾರೇಜಿನಲ್ಲಿ ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತಿದ್ದರು. ಮೇಜಿನ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಆ ಕಂತಿನ ಉಳಿದ ಒಂಬೈನೂರು ಚಿಲ್ಲರೆ ತೋಟಾಗಳಿದ್ದವು. ಆರ್ಡಿತ್ ನಡೆದದ್ದನ್ನು ಹೇಳಿದಳು. ಆ ಕಂತನ್ನು ತುಂಬುತ್ತಿದ್ದ ಗುರುವಾರ, ಮಧ್ಯದಲ್ಲಿ, ಹಳೆಯ ಸಹೋದ್ಯೋಗಿ ಲುಯೆಲ್ಲಾಳ ಶವಸಂಸ್ಕಾರದ ಊಟಕ್ಕೆ ಎಲೆಕೋಸು ತುಂಬಿದ ಬನ್ನುಗಳನ್ನು ಕೊಟ್ಟು ಬರಲು ಹೋಗಿದ್ದಳು. ಬಂದು ಹಿಡಿಕೆ ಎಳೆದರೆ ತಟ್ಟೆ ಬೆಣ್ಣೆಯಂತೆ ಸುತ್ತಿತು. ಅವಳಿಲ್ಲದಾಗ ಡ್ವೇನ್ ತಟ್ಟೆಯ ಕೆಳಗೆ ಹೊಸ ಬೇರಿಂಗ್ ಹಾಕಿದ್ದ.

"ತಟ್ಟೆ ಖಾಲಿ ಮಾಡಿದ್ಯಾ?" ಎಂದು ಅವಳು ಈಗ ಮತ್ತೆ ಕೇಳಿದಳು.

"ಹೇಳಿದ್ನಲ್ಲ, ನಾಲ್ಕು ಚಿಪ್ಪು ತೆಗೆದು ಮೇಜಿನ ಮೇಲೆ ಸಾಲಾಗಿಟ್ಟೆ. ಇದ್ದ ಹಾಗೇ ವಾಪಸ್ ಇಟ್ಟೆ. ನಾಲ್ಕು ತೋಟಾ ಯಾಕೆ ದಂಡ ಮಾಡ್ಬೇಕು ಅಂತ."

"ಇದ್ದ ಹಾಗೇ?"

"ಇದ್ದ ಹಾಗೇ ಕಣೇ! ನಲವತ್ತು ವರ್ಷ ಇಂಜಿನ್ ಬಿಚ್ಚಿ ಜೋಡ್ಸಿದೀನಿ. ನಾಲ್ಕು ಚಿಪ್ಪು ಗೊತ್ತಾಗಲ್ವಾ? ನೀನು ಎಲ್ಲೋ ನೋಡ್ತಿದ್ದೆ, ಅಳ್ತಾ ಇದ್ದೆ, ಸರಿಯಾಗಿ ಎಳೀಲಿಲ್ಲ. ಮದ್ದು ಬೀಳ್ಲಿಲ್ಲ. ಅಷ್ಟೇ."

"ನಾನು ಅಳ್ತಿರ್ಲಿಲ್ಲ. ಆ ಲುಯೆಲ್ಲಾಗೆ ತೊಂಬತ್ತೊಂದು ವರ್ಷ."

ಆರ್ಡಿತ್ ನನ್ನ ಕಡೆ ತಿರುಗಿದಳು. ಅವಳ ಲೆಕ್ಕ ಸರಳವಾಗಿತ್ತು. ಅವಳು ಸರಿಯಾಗಿ ಎಳೆಯದೆ ಮದ್ದು ಬೀಳದಿದ್ದರೆ ಆಗುವುದು ಒಂದು ಖಾಲಿ ತೋಟಾ, ಅಷ್ಟೇ. ಆದರೆ ಡ್ವೇನ್ ಎರಡನೇ ಮನೆಯ ಚಿಪ್ಪನ್ನೂ ಮೂರನೇ ಮನೆಯ ಚಿಪ್ಪನ್ನೂ ಅದಲುಬದಲು ಇಟ್ಟಿದ್ದರೆ, ಮದ್ದಿಲ್ಲದ ಚಿಪ್ಪು ಮದ್ದಿನ ಮನೆ ದಾಟಿ ಹೋಗಿರುತ್ತದೆ, ಮದ್ದಿದ್ದ ಚಿಪ್ಪಿಗೆ ಇನ್ನೊಮ್ಮೆ ಮದ್ದು ಬಿದ್ದಿರುತ್ತದೆ. ಖಾಲಿಯೊಂದು, ಇಮ್ಮಡಿಯೊಂದು. ಖಾಲಿ ಸಿಕ್ಕಿದೆ. ಇಮ್ಮಡಿ ಇದ್ದರೆ ಅದು ಈ ಪೆಟ್ಟಿಗೆಯಲ್ಲಿದೆ.

"ಇದ್ರೆ ತಪ್ಪು ಅವನದು. ಇಲ್ದಿದ್ರೆ ನನ್ನದು," ಎಂದಳು. "ನನ್ನದಾದ್ರೆ ನನಗೆ ಗೊತ್ತಾಗ್ಬೇಕು. ಆಮೇಲೆ ಚರ್ಚಿನ ಹೆಂಗಸರು ಹೇಳಿದ್ದಕ್ಕೆ ಹೂಂ ಅಂತೀನಿ."

"ತೂಗಿ ನೋಡಣ," ಎಂದ ಡ್ವೇನ್. "ಭಾರ ಇರೋದನ್ನ ತೆಗೆದಿಟ್ರಾಯ್ತು. ಶನಿವಾರಕ್ಕೆ ಬೇಕು ನನಗೆ."

ಅದು ಆಗದೆಂದು ನಾನು ಹೇಳಿದೆ. ಮೈದಾನದಲ್ಲಿ ಆಯ್ದು ತಂದ ಹತ್ತು ಕಂಪನಿಗಳ ಹಿತ್ತಾಳೆ ಅದು. ಚಿಪ್ಪು ಚಿಪ್ಪಿಗೂ ಇರುವ ತೂಕದ ವ್ಯತ್ಯಾಸ ಆ ಚಿಟಿಕೆ ಮದ್ದಿಗಿಂತ ಹೆಚ್ಚು. ಬಿಚ್ಚದೆ ಗೊತ್ತಾಗುವ ದಾರಿ ಇಲ್ಲ.

"ಒಂಬೈನೂರಾ?" ಎಂದ ಡ್ವೇನ್.

"ಎಣಿಸೋದಕ್ಕೆ ಬರತ್ತಲ್ಲ ನಿನಗೆ," ಎಂದಳು ಆರ್ಡಿತ್. "ಸುತ್ತಿಗೆ ತಗೋ."

ತೋಟಾ ಬಿಚ್ಚುವ ಸುತ್ತಿಗೆಯ ತಲೆ ಟೊಳ್ಳಾಗಿರುತ್ತದೆ. ತೋಟಾವನ್ನು ಅದರಲ್ಲಿ ತಲೆಕೆಳಗಾಗಿ ಸಿಕ್ಕಿಸಿ ಮರದ ದಿಮ್ಮಿಗೆ ಎರಡು ಮೂರು ಸಲ ಹೊಡೆದರೆ ಗುಂಡು ಕಳಚಿ ಮದ್ದಿನೊಂದಿಗೆ ಒಳಗೆ ಬೀಳುತ್ತದೆ. ಸುರಿದು, ನೋಡಿ, ಮತ್ತೊಂದು. ಆರ್ಡಿತ್‌ಳ ಭುಜ ಅದಕ್ಕೆ ಆಗುತ್ತಿರಲಿಲ್ಲ; ಹೊಡೆಯುವುದು ಡ್ವೇನನ ಪಾಲಿಗೆ ಬಂತು. ಅವನು ಸುರಿದದ್ದನ್ನು ಅವಳು ಬಿಳಿ ಬಟ್ಟಲಿನಲ್ಲಿ ನೋಡುತ್ತಿದ್ದಳು. ಅನುಮಾನ ಬಂದದ್ದನ್ನು ನಾನು ತೂಗುತ್ತಿದ್ದೆ. ಮೊದಲ ದಿನ ಇನ್ನೂರ ನಲವತ್ತು ಬಿಚ್ಚಿದೆವು. ಎಲ್ಲವೂ ಸರಿಯಾಗಿದ್ದವು. ಎಷ್ಟು ಸರಿಯೆಂದರೆ ನನ್ನ ತಕ್ಕಡಿಯ ಕೊನೆಯ ಅಂಕಿಯೂ ಅಲುಗುತ್ತಿರಲಿಲ್ಲ.

ಎರಡನೇ ದಿನ ಡ್ವೇನನ ಅಂಗೈಯಲ್ಲಿ ಬೊಬ್ಬೆ ಬಂದಿತ್ತು.

"ಇದಕ್ಕೂ ಒಳ್ಳೇ ಹಿಡಿ ಸಿಗತ್ತೆ," ಎಂದ. "ರಬ್ಬರಿನದು. ಒಬ್ಬ ಮಾಡ್ತಾನೆ, ಐಡಾಹೋದಲ್ಲಿ..."

"ಹೊಡಿ."

ಅವನು ಹೊಡೆದ. ಐನೂರು ದಾಟಿತು. ಏನೂ ಸಿಗಲಿಲ್ಲ. ಆ ಸಂಜೆ ಡ್ವೇನ್ ಸ್ವಲ್ಪ ಹಗುರಾಗಿದ್ದ. ಬಿಯರು ತೆರೆದು ಕೂತು, ತಪ್ಪು ಎಲ್ಲರಿಂದಲೂ ಆಗುತ್ತದೆಂದೂ, ತಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲವೆಂದೂ ನನಗೆ ಹೇಳಿದ. ಆರ್ಡಿತ್ ಬಿಳಿ ಬಟ್ಟಲನ್ನು ಒರೆಸಿಟ್ಟಳು. ಬಾಗಿಲವರೆಗೆ ಬಂದವಳು ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು:

"ಬೇರಿಂಗ್ ಹಾಕಿದ ಮೇಲೆ ಎಳೆದ ಮೊದಲನೇ ಎಳೆತ ಇದೆಯಲ್ಲ, ಆಗ ನಾನು ಕನ್ನಡಿ ನೋಡ್ಲಿಲ್ಲ. ತಟ್ಟೆ ಯಾಕಿಷ್ಟು ನುಣ್ಣಗೆ ಸುತ್ತಿತು ಅಂತ ಕೆಳಗೆ ನೋಡ್ದೆ. ಒಂದೇ ಒಂದು ಸಲ. ಮತ್ತೆ, ತಟ್ಟೆ ಖಾಲಿ ಮಾಡಿ ಮೊದಲಿಂದ ಶುರು ಮಾಡ್ಬೇಕಿತ್ತು. ಮಾಡ್ಲಿಲ್ಲ. ಸಾಕಾಗಿತ್ತು ನನಗೆ."

"ಅವನಿಗೆ ಹೇಳಿದ್ಯಾ?"

"ಸಿಕ್ಕಿದ ಮೇಲೆ ಹೇಳ್ತೀನಿ. ಸಿಗದಿದ್ರೆ ಹೇಳೋದಕ್ಕೆ ಏನಿದೆ?"

ಮೂರನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ, ಆರುನೂರ ಐವತ್ತರ ಆಚೀಚೆ, ಡ್ವೇನ್ ಹೊಡೆದು ಬಟ್ಟಲಿಗೆ ಸುರಿದ. ಸುರಿದವನು ಸುತ್ತಿಗೆಯನ್ನು ಹಾಗೇ ಹಿಡಿದುಕೊಂಡು ನಿಂತ. ಬಿಳಿ ಬಟ್ಟಲಿನಲ್ಲಿ ಬೂದುಬಣ್ಣದ ಮದ್ದು ದಿಬ್ಬವಾಗಿ ಕೂತಿತ್ತು. ತೂಗುವ ಅಗತ್ಯವಿರಲಿಲ್ಲ; ಆದರೂ ತೂಗಿದೆ. ಸರಿಯಾಗಿ ಎರಡರಷ್ಟು. ಅದನ್ನು ಹಾರಿಸಿದ್ದರೆ ಪಿಸ್ತೂಲಿನಲ್ಲಿ ತೋಟಾ ಕೂರುವ ಗೂಡು ಸೀಳಿ ಅಂಗೈಗೆ ನುಗ್ಗುತ್ತಿತ್ತು.

ಡ್ವೇನ್ ತಕ್ಕಡಿಯನ್ನು ನೋಡಿದ. ಆಮೇಲೆ ಮೇಜಿನ ಮೇಲೆ, ಗುರುವಾರ ಚಿಪ್ಪುಗಳನ್ನು ಸಾಲಾಗಿಟ್ಟಿದ್ದ ಜಾಗವನ್ನು ನೋಡಿದ. ಬೆರಳಿನಿಂದ ಎಡದಿಂದ ಬಲಕ್ಕೆ ಎಣಿಸಿದ. ಪ್ರೆಸ್ಸಿನ ಎದುರು ನಿಂತು ಮತ್ತೆ ಎಣಿಸಿದ.

"ಫೋನ್ ಬಂತು," ಎಂದ ಕೊನೆಗೆ. "ವಾಪಸ್ ಇಡ್ತಿದ್ದಾಗ ಮರ್ಲ್ ಫೋನ್ ಮಾಡಿದ. ಎರಡಿಟ್ಟಿದ್ದೆ. ಮಾತಾಡ್ತಾ ಇನ್ನೆರಡು ಇಟ್ಟೆ."

ಆರ್ಡಿತ್ ತಾನು ಕನ್ನಡಿ ನೋಡದೆ ಬಿಟ್ಟ ಆ ಒಂದು ಎಳೆತದ ವಿಷಯವನ್ನು ಹೇಳಿದಳು. ತಟ್ಟೆ ಖಾಲಿ ಮಾಡದೆ ಮುಂದುವರಿಸಿದ್ದನ್ನೂ ಹೇಳಿದಳು. ಒಂದು ಮಾತನ್ನೂ ಮೃದು ಮಾಡಲಿಲ್ಲ. ಡ್ವೇನ್ ತಲೆಯಾಡಿಸಿದ. ಅವನಿಗೆ ಅದನ್ನು ಆಯುಧ ಮಾಡಿಕೊಳ್ಳುವ ಅವಕಾಶವಿತ್ತು, ಮಾಡಿಕೊಳ್ಳಲಿಲ್ಲ. ಅವನ ಪರವಾಗಿ ನಾನು ಹೇಳಬಹುದಾದದ್ದು ಇಷ್ಟು.

"ಹಾಗಾದ್ರೆ ಮುಗೀತಲ್ಲ," ಎಂದು ಸುತ್ತಿಗೆ ಕೆಳಗಿಟ್ಟ.

"ಏನು ಮುಗೀತು? ಇನ್ನೂ ಇನ್ನೂರೈವತ್ತಿದೆ."

"ಸಿಕ್ತಲ್ಲೇ!"

"ಒಂದು ಸಿಕ್ತು. ಇನ್ನೊಂದಿಲ್ಲ ಅಂತ ನಿನಗೆ ಯಾರ್ ಹೇಳಿದ್ರು? ಮರ್ಲ್ ಫೋನ್ ಮಾಡಿ ಹೇಳಿದ್ನಾ?"

ಮಿಕ್ಕ ಇನ್ನೂರೈವತ್ತನ್ನೂ ಬಿಚ್ಚಿದೆವು. ಬೇರೆ ಏನೂ ಸಿಗಲಿಲ್ಲ. ಇಮ್ಮಡಿ ಮದ್ದನ್ನು ಅವಳು ಒಂದು ಮಾತ್ರೆ ಬಾಟಲಿಗೆ ಸುರಿದು, ಇನ್ನೊಂದರಲ್ಲಿ ಸರಿಯಾದ ಅಳತೆಯದನ್ನು ಹಾಕಿ, ಎರಡಕ್ಕೂ ಚೀಟಿ ಅಂಟಿಸಿದಳು, ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ತಾರೀಖಿನ ಸಮೇತ.

ಶನಿವಾರ ಅವಳು ಗಂಡನ ಟ್ರಕ್ಕಿನಲ್ಲಿ ಕ್ಲಬ್ಬಿಗೆ ಬಂದಳು. ಅಲ್ಲಿಗೆ ಅವಳು ಬಂದದ್ದು ಅದೇ ಮೊದಲು. ಚರ್ಚಿಗೆ ಹಾಕುವ ನೀಲಿ ಅಂಗಿ ಹಾಕಿದ್ದಳು. ಪಂದ್ಯಕ್ಕೆ ಮುಂಚೆ ಎಲ್ಲರೂ ಸುರಕ್ಷೆಯ ಸೂಚನೆ ಕೇಳಲು ತಗಡಿನ ಮಾಡಿನ ಕೆಳಗೆ ಸೇರಿದ್ದರು. ಎರಡು ಬಾಟಲಿಗಳನ್ನೂ ಮರ್ಲ್ ಸ್ಟಾಬ್‌ನ ಮುಂದಿಟ್ಟಳು. ಹೇಳುವವಳು ತಾನಲ್ಲ ಎಂಬಂತೆ ಗಂಡನ ಕಡೆ ನೋಡಿದಳು.

ಡ್ವೇನ್ ಹೇಳಿದ. ಬೇರಿಂಗ್, ಫೋನು, ಅದಲುಬದಲಾದ ಎರಡು ಚಿಪ್ಪು. ಗಂಟೆ ತೆಗೆಸಿದ್ದು ತಾನೇ ಎಂದೂ ಹೇಳಿದ. ಅಷ್ಟು ಹೇಳುವಷ್ಟರಲ್ಲಿ ಅವನ ಟೋಪಿ ಮೂರು ಸಲ ತಲೆಯಿಂದ ಕೈಗೆ, ಕೈಯಿಂದ ತಲೆಗೆ ಹೋಗಿತ್ತು. ಅವನು ನಿಲ್ಲಿಸಿದ ಮೇಲೆ ಆರ್ಡಿತ್, "ಒಂದು ಎಳೆತ ನಾನೂ ನೋಡ್ಲಿಲ್ಲ. ಅದು ನನ್ನದು. ಮಿಕ್ಕಿದ್ದು ಅವನದು," ಎಂದಳು.

ಮರ್ಲ್ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದ. "ಇಪ್ಪತ್ತಾರು ವರ್ಷಕ್ಕೆ ಒಂದು ಎಳೆತಾನಾ?" ಎಂದ. "ನಾನು ಹೋದ ತಿಂಗಳೇ ಮೂರು ಸಲ ಕೇಪು ತಲೆಕೆಳಗೆ ಕೂರ್ಸಿದೀನಲ್ಲಮ್ಮ."

ಯಾರೋ ನಕ್ಕರು. ಹೋದ ವಾರ ಸಿಳ್ಳೆ ಹಾಕಿದವನೇ ಇರಬೇಕು, ಹಿಂದಿನಿಂದ ಕೇಳಿದ: "ನನಗೂ ಒಂದು ಪೆಟ್ಟಿಗೆ ತುಂಬಿ ಕೊಡ್ತೀರಾ, ಆರ್ಡಿತಮ್ಮ? ನೀವು ತುಂಬಿದ್ದಾದ್ರೆ ಹಾರಿಸ್ತೀನಿ."

ಈ ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಬಹುದಾದ ದೊಡ್ಡ ಮಾತು ಅದು. ಅದು ಎಷ್ಟು ದೊಡ್ಡದೆಂದು ಅವಳಿಗೂ ಗೊತ್ತಿತ್ತು.

"ಇಲ್ಲ," ಎಂದಳು. "ಇವನಿಗೂ ತುಂಬಲ್ಲ ಇನ್ನು. ಸಾಕು."

ಡ್ವೇನ್ ಆ ದಿನ ಅಂಗಡಿಯಿಂದ ತಂದ ತೋಟಾ ಹಾರಿಸಿ ಹನ್ನೊಂದನೆಯವನಾದ. ಮೂರನೇ ಸುತ್ತಿನ ನಂತರ ನಾನು ನೀರು ಕೊಡಲೆಂದು ಟ್ರಕ್ಕಿನ ಹತ್ತಿರ ಹೋದೆ. ಆರ್ಡಿತ್ ಕಿಟಕಿ ಇಳಿಸಿ, ಚಪ್ಪಲಿ ಕಳಚಿ, ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗಿದ್ದಳು. ಬಾಯಿ ಅರೆ ತೆರೆದಿತ್ತು. ನೂರು ಗಜದಾಚೆ ಇಪ್ಪತ್ತು ಪಿಸ್ತೂಲುಗಳು ಗುಡುಗುತ್ತಿದ್ದವು, ಉಕ್ಕು ಠಣ್ಣೆನ್ನುತ್ತಿತ್ತು. ಅವಳ ರೆಪ್ಪೆ ಅಲುಗಲಿಲ್ಲ. ನೀರಿನ ಬಾಟಲಿಯನ್ನು ಅವಳ ಕೈಗೆಟುಕುವ ಕಡೆ ಇಟ್ಟು ಬಂದೆ. ಪಂದ್ಯ ಮುಗಿದು ಎಲ್ಲರೂ ಹಿತ್ತಾಳೆ ಆಯ್ದುಕೊಂಡು ಹೋಗುವವರೆಗೂ ಅವಳು ಏಳಲಿಲ್ಲ. ಡ್ವೇನ್ ಟ್ರಕ್ಕಿನ ಮೆಟ್ಟಿಲಿನ ಮೇಲೆ ಕೂತು ಕಾದ.